ಒಣಗಿದ ಲಾನ್ ಎಣಿಸುವುದರಿಂದ ಶುರು ಮಾಡಿ

ಪ್ರಶ್ನೆ: ನನಗೆ 29 ವರ್ಷ. ಊರು ಶ್ರೀರಂಗಪಟ್ಟಣ ತಾಲ್ಲೂಕು. ತೋಟಗಾರಿಕೆ ಡಿಪ್ಲೊಮಾ ಮಾಡಿ, ಬೆಂಗಳೂರಿನಲ್ಲಿ ಒಬ್ಬ ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರ್ ಹತ್ತಿರ ಐದು ವರ್ಷ ಸೂಪರ್‌ವೈಸರ್ ಆಗಿದ್ದೆ. ಈಗ ವಾಪಸ್ ಬಂದಿದ್ದೇನೆ. ಮೈಸೂರಿನಲ್ಲಿ ಸ್ವಂತವಾಗಿ ಗಾರ್ಡನ್ ಮಾಡಿಕೊಡುವ ಕೆಲಸ ಶುರು ಮಾಡಬೇಕು ಅಂತ ಆಸೆ. ಕೈಯಲ್ಲಿ ಮೂರು ಲಕ್ಷ ಇದೆ. ನಾಲೆ ನೀರು ಬರುವ ಅರ್ಧ ಎಕರೆ ಅಪ್ಪನ ಹೆಸರಿನಲ್ಲಿದೆ. ಮೊದಲು ಅಲ್ಲಿ ನರ್ಸರಿ ಹಾಕಲೇ? ಮಾರ್ಕೆಟ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಸಾಲ ತೆಗೆಯಲೇ? ಅಪ್ಪನಿಗೆ ಭಯ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೆಲಸ ಬಲ್ಲವರು ನೀವು, ಅದರಲ್ಲಿ ಅನುಮಾನವಿಲ್ಲ. ಐದು ವರ್ಷ ಸೈಟಿನಲ್ಲಿ ನಿಂತವರಿಗೆ ಗಿಡ ನೆಡುವುದನ್ನು ನಾನು ಹೇಳಿಕೊಡಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ಗಿರಾಕಿಯನ್ನು ಹುಡುಕಿ ತಂದವರು ನಿಮ್ಮ ಮಾಲೀಕರು. ಆ ಅರ್ಧ ಕೆಲಸ ನಿಮಗೆ ಇನ್ನೂ ಹೊಸದು. ಅದಕ್ಕೇ ಮೊದಲ ಮಾತು ಇದು: ಇನ್ನು ಆರು ವಾರ ಒಂದು ರೂಪಾಯಿಯನ್ನೂ ಗಿಡಕ್ಕೆ, ಮೆಷಿನ್ನಿಗೆ, ಬೋರ್ಡಿಗೆ ಹಾಕಬೇಡಿ. ಒಂದು ನೋಟ್‌ಬುಕ್ ಹಿಡಿದು ಮೈಸೂರಿನ ಬೀದಿ ಸುತ್ತಿ.

ಏನನ್ನು ಎಣಿಸಬೇಕು? ಹೆಚ್ಚಿನವರು ಹೊಸದಾಗಿ ಕಟ್ಟುತ್ತಿರುವ ಮನೆಗಳನ್ನು ಎಣಿಸುತ್ತಾರೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ನೀವು ಮೊದಲು ಎಣಿಸಬೇಕಾದದ್ದು ಒಣಗಿದ ಲಾನ್‌ಗಳನ್ನು. ಬೇಲಿ ಗಿಡ ಅಡ್ಡಾದಿಡ್ಡಿ ಬೆಳೆದ ಮನೆ, ಮಣ್ಣು ಕಲ್ಲಾಗಿರುವ ಕುಂಡಗಳ ಸಾಲು, ಮೂರು ವರ್ಷದ ಹಿಂದೆ ಯಾರೋ ಆಸೆಯಿಂದ ಮಾಡಿಸಿ ಈಗ ಕಳೆ ತುಂಬಿದ ಮೂಲೆ. ಅಲ್ಲಿ ಒಬ್ಬರು ಒಂದು ಸಲ ತೋಟಕ್ಕೆ ದುಡ್ಡು ಕೊಟ್ಟಿದ್ದಾರೆ. ಅವರಿಗೆ ತೋಟ ಬೇಕಿತ್ತು. ನೋಡಿಕೊಳ್ಳುವವರು ಸಿಗಲಿಲ್ಲ. ಮೈಸೂರಿನಂಥ ಊರಿನಲ್ಲಿ ಸಣ್ಣ ಗಾರ್ಡನ್ ಉದ್ಯೋಗ ನಿಲ್ಲುವುದು ಈ ನೋಡಿಕೊಳ್ಳುವ ಕೆಲಸದ ಮೇಲೆ. ಹೊಸ ತೋಟ ಮಾಡಿಕೊಟ್ಟರೆ ಒಂದು ಸಲ ದುಡ್ಡು. ತಿಂಗಳಿಗೆ ಎರಡು ಸಲ ಹೋಗಿ ಕಳೆ ಕಿತ್ತು, ಸವರಿ, ಗೊಬ್ಬರ ಹಾಕಿ ಬಂದರೆ ತಿಂಗಳು ತಿಂಗಳೂ ದುಡ್ಡು. ಆ ಮನೆಯವರು ಆರು ತಿಂಗಳಾದ ಮೇಲೆ ಹಿಂದಿನ ಜಾಗಕ್ಕೂ ಏನಾದರೂ ಮಾಡಿ ಅನ್ನುತ್ತಾರೆ. ಹೊಸ ಕೆಲಸ ಹಾಗೆ ತಾನಾಗಿ ಬರುತ್ತದೆ.

ಮೈಸೂರು ಒಂದೇ ಮಾರ್ಕೆಟ್ ಅಲ್ಲ ಅನ್ನುವುದನ್ನು ಸುತ್ತಿದ ಮೊದಲ ವಾರವೇ ಕಾಣುತ್ತೀರಿ. ಯಾದವಗಿರಿ, ಜಯಲಕ್ಷ್ಮೀಪುರಂ, ಸರಸ್ವತಿಪುರಂ ಕಡೆ ಹಳೆಯ ದೊಡ್ಡ ಕಾಂಪೌಂಡುಗಳಿವೆ. ಮಾವು, ತೆಂಗು, ಸಂಪಿಗೆ ಮರಗಳು ಮನೆಗಿಂತ ಎತ್ತರ. ಅನೇಕ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ದೂರದಲ್ಲಿ. ಅವರಿಗೆ ಹೊಸ ವಿನ್ಯಾಸ ಬೇಕಿಲ್ಲ. ಗರಿ ಕೆಡವಬೇಕು, ತರಗೆಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಹೇಳಿದ ದಿನ ಬರುವ ನಂಬಿಕೆಯ ಮನುಷ್ಯ ಬೇಕು. ವಿಜಯನಗರ, ಬೋಗಾದಿ, ದಟ್ಟಗಳ್ಳಿ, ರಾಮಕೃಷ್ಣನಗರಕ್ಕೆ ಬಂದರೆ ಕಥೆ ಬೇರೆ. 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಟೈಲ್ಸ್ ಹಾಕಿರುತ್ತಾರೆ. ಅಲ್ಲಿ ಮಾರ್ಕೆಟ್ ತಾರಸಿ ಮೇಲಿದೆ, ಕುಂಡಗಳಲ್ಲಿದೆ. 40×60 ಸೈಟಿನವರಿಗೆ ಮುಂದೆ ಒಂದು ಪಟ್ಟಿ ಹಸಿರು ಬೇಕು. ಕೆಲವರು ಕಾಂಪೌಂಡಿನ ಹೊರಗೆ ರಸ್ತೆ ಅಂಚಿಗೂ ಬೇಲಿ ಹಾಕಿ ತೋಟ ಮಾಡಿಕೊಡಿ ಅನ್ನುತ್ತಾರೆ. ಅದು ಸಾರ್ವಜನಿಕ ಜಾಗ. ನಾಳೆ ರಸ್ತೆ ಅಗಲ ಮಾಡುವಾಗ ಕಿತ್ತು ಹಾಕಿದರೆ ದೂರು ನಿಮ್ಮ ಮೇಲೆ ಬರುತ್ತದೆ. ಇದನ್ನು ಮೊದಲೇ ತಿಳಿಸಿ.

ರಿಂಗ್ ರೋಡಿನ ಆಚೆ ಈಗ ಗೇಟ್ ಹಾಕಿದ ಲೇಔಟುಗಳು, ವಿಲ್ಲಾಗಳು ಎದ್ದಿವೆ. ಅಲ್ಲಿನ ನಿವಾಸಿಗಳ ಸಂಘದವರಿಗೆ ಪಾರ್ಕ್ ನೋಡಿಕೊಳ್ಳಲು ಜನ ಬೇಕು. ಇನ್ನು ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು ರಸ್ತೆಯ ಕಾರ್ಖಾನೆಗಳು. ಎಷ್ಟೋ ಕಾರ್ಖಾನೆಗಳಿಗೆ ಹಸಿರು ಪಟ್ಟಿ ಬೆಳೆಸುವ ಷರತ್ತೇ ಇರುತ್ತದೆ. ಕೆಲಸ ದೊಡ್ಡದು. ಆದರೆ ಅವರು ಪಿಎಫ್, ಇಎಸ್‌ಐ ಕೇಳುತ್ತಾರೆ, ಜಿಎಸ್‌ಟಿ ಬಿಲ್ ಕೇಳುತ್ತಾರೆ, ದುಡ್ಡು ಎರಡು ಮೂರು ತಿಂಗಳು ತಡ ಮಾಡುತ್ತಾರೆ. ಮೂರು ಲಕ್ಷ ಇಟ್ಟುಕೊಂಡು ಮೊದಲ ವರ್ಷವೇ ಅಲ್ಲಿಗೆ ಹೋಗಬೇಡಿ. ಕೆಲಸಗಾರರ ಸಂಬಳಕ್ಕೆ ಇಟ್ಟ ದುಡ್ಡೆಲ್ಲ ಅವರ ಬಾಕಿಯಲ್ಲಿ ಕೂತುಬಿಡುತ್ತದೆ. ಮಂಡ್ಯ ಪಟ್ಟಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಬಹಳ ಮನೆಯವರಿಗೆ ಊರಿನಲ್ಲಿ ಗದ್ದೆ ತೋಟ ಇದ್ದೇ ಇರುತ್ತದೆ, ಗಿಡದ ಕೆಲಸಕ್ಕೆ ತಿಂಗಳ ದುಡ್ಡು ಕೊಡುವ ರೂಢಿ ಕಡಿಮೆ. ನಿಮ್ಮ ಗಿರಾಕಿ ಮೈಸೂರಿನಲ್ಲೇ ಇದ್ದಾರೆ.

ಈಗ ಮಾತಾಡಿಸುವ ವಿಷಯ. ಇಲ್ಲಿಯೇ ಜಾಸ್ತಿ ಜನ ಎಡವುವುದು. ಬಾಗಿಲು ತಟ್ಟಿ "ಗಾರ್ಡನ್ ಮಾಡಿಸ್ತೀರಾ ಸಾರ್?" ಅಂತ ಕೇಳಿದರೆ ನಮ್ಮ ಮೈಸೂರಿನ ಜನ ಇಲ್ಲ ಅನ್ನುವುದೇ ಇಲ್ಲ. "ಮಾಡಿಸೋಣ, ನಂಬರ್ ಕೊಟ್ಟು ಹೋಗಿ" ಅನ್ನುತ್ತಾರೆ. ಅದು ಮರ್ಯಾದೆಯ ಮಾತು. ಅದನ್ನು ಆರ್ಡರ್ ಅಂತ ಬರೆದುಕೊಂಡು ಸಾಲ ತೆಗೆದವರನ್ನು ನಾನು ನೋಡಿದ್ದೇನೆ. ಮುಂದೆ ಏನು ಮಾಡುತ್ತೀರಿ ಅಂತ ಕೇಳಬೇಡಿ, ಹಿಂದೆ ಏನು ಮಾಡಿದಿರಿ ಅಂತ ಕೇಳಿ. "ಅಮ್ಮ, ಈ ಗಿಡಗಳನ್ನು ಯಾರು ನೋಡಿಕೊಳ್ತಾರೆ? ಕೊನೆ ಸಲ ಮಾಲಿ ಬಂದದ್ದು ಯಾವಾಗ? ಎಷ್ಟು ಕೊಟ್ರಿ? ಅವರು ಯಾಕೆ ಬಿಟ್ಟುಹೋದರು? ಈ ಹುಲ್ಲು ಯಾವ ತಿಂಗಳಲ್ಲಿ ಒಣಗಿತು?" ಈ ಐದು ಪ್ರಶ್ನೆ ಸಾಕು. ಕಳೆದ ವರ್ಷ ಕೊಟ್ಟ ದುಡ್ಡನ್ನು ಜನ ಸರಿಯಾಗಿ ನೆನಪಿಟ್ಟಿರುತ್ತಾರೆ, ಮುಂದಿನ ವರ್ಷ ಕೊಡುವ ದುಡ್ಡಿನ ಬಗ್ಗೆ ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಾರೆ.

ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಚೆಕ್ ಬರೆಯುವವರು ಯಜಮಾನರು ಇರಬಹುದು. ಬೆಳಗ್ಗೆ ಪೂಜೆಗೆ ಹೂ ಬಿಡಿಸುವವರು ಅಜ್ಜಿ. ದಾಸವಾಳ, ನಂದಿಬಟ್ಟಲು, ಪಾರಿಜಾತ, ಮಲ್ಲಿಗೆ, ಒಂದು ಕರಿಬೇವು, ಒಂದು ದೊಡ್ಡಪತ್ರೆ. ಇದಿಲ್ಲದೆ ಬರೀ ಅರೆಕಾ ಪಾಮ್, ಡುರಾಂಟ ಸಾಲು ನೆಟ್ಟು ಬಂದರೆ ಅಜ್ಜಿಗೆ ತೋಟ ತಮ್ಮದು ಅನ್ನಿಸುವುದಿಲ್ಲ. ಮೂರನೇ ತಿಂಗಳು ನಿಮ್ಮನ್ನು ಬಿಡಿಸುವವರು ಅವರೇ. ಯಾವ ಗಿಡ ಮನೆ ಮುಂದೆ ಬೇಡ ಅನ್ನುವ ನಂಬಿಕೆ ಕೂಡ ಮನೆ ಮನೆಗೆ ಬೇರೆ. ಮುಂಬಾಗಿಲ ಎದುರು ನುಗ್ಗೆ ಬೇಡ, ಮುಳ್ಳಿನ ಗಿಡ ಬೇಡ ಅನ್ನುವವರಿದ್ದಾರೆ. ವಾದ ಮಾಡಬೇಡಿ. ಮೊದಲೇ ಕೇಳಿ ಬರೆದುಕೊಳ್ಳಿ.

ಪೈಪೋಟಿ ಯಾರು ಅಂತ ನೋಡಲು ದೊಡ್ಡ ಕಂಪನಿಗಳ ಕಡೆ ನೋಡಬೇಡಿ. ನಿಮ್ಮ ನಿಜವಾದ ಪೈಪೋಟಿ ಸೈಕಲ್ಲಿನಲ್ಲಿ ಗುದ್ದಲಿ, ಕತ್ತರಿ ಕಟ್ಟಿಕೊಂಡು ಬರುವ ಮಾಲಿ. ಅವರ ರೇಟಿಗೆ ನೀವು ಇಳಿಯಲು ಆಗುವುದಿಲ್ಲ, ಇಳಿಯಲೂ ಬಾರದು. ಅವರ ಜೊತೆ ಕೂತು ಟೀ ಕುಡಿಯಿರಿ. ಯಾವ ಬೀದಿಯಲ್ಲಿ ಯಾರ ಮನೆಗೆ ಎಷ್ಟು ದಿನಕ್ಕೆ ಹೋಗುತ್ತಾರೆ, ಯಾರು ದುಡ್ಡು ಸರಿಯಾಗಿ ಕೊಡುತ್ತಾರೆ, ಎಲ್ಲಿ ಬೋರ್ ನೀರು ಉಪ್ಪು, ಎಲ್ಲ ಅವರಿಗೆ ಗೊತ್ತು. ನನ್ನ ಹತ್ತಿರ ಹನ್ನೊಂದು ವರ್ಷದಿಂದ ತೋಟದ ಕೆಲಸಕ್ಕಿರುವ ಇಬ್ಬರು ಹೀಗೆ ಬೀದಿಯಲ್ಲಿ ಪರಿಚಯವಾದವರೇ. ಎರಡನೆಯ ಪೈಪೋಟಿ ನರ್ಸರಿಯವರು. ಗಿಡ ಮಾರುವ ಜೊತೆಗೆ ಲಾನ್ ಹಾಕಿಕೊಡುತ್ತಾರೆ, ಆದರೆ ಆಮೇಲೆ ನೋಡಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ. ಅವರಿಗೆ ನೀವು ಜೊತೆಗಾರರಾಗಬಹುದು. ಸುಳ್ಳು ಗಿರಾಕಿಯಾಗಿ ಹೋಗಿ ಅವರಿಂದ ಕೊಟೇಶನ್ ತೆಗೆದುಕೊಳ್ಳಬೇಡಿ. ಊರು ಚಿಕ್ಕದು. ನಾಳೆ ಅವರ ಮುಖವನ್ನೇ ನೋಡಬೇಕು.

ನೀರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದದ್ದು ಇಲ್ಲೇ. ನಾನು ಈ ಉದ್ಯೋಗ ಶುರು ಮಾಡಿದ ಎರಡನೇ ವರ್ಷ ಊರಾಚೆಯ ಒಂದು ಲೇಔಟಿನಲ್ಲಿ ಫೆಬ್ರವರಿಯಲ್ಲಿ ದೊಡ್ಡ ಲಾನ್ ಹಾಕಿದೆ. ಬೋರ್ ಇದೆ, ನೀರು ಬೇಕಾದಷ್ಟಿದೆ ಅಂದಿದ್ದರು. ನಾನು ಮೋಟಾರ್ ಹಾಕಿಸಿ ನೋಡಲಿಲ್ಲ. ಏಪ್ರಿಲ್‌ನಲ್ಲಿ ಬೋರ್ ನಿಂತಿತು, ಹುಲ್ಲು ಸುಟ್ಟಿತು. ಗ್ಯಾರಂಟಿ ಅಂತ ಬಾಯಿ ಮಾತಿನಲ್ಲಿ ಹೇಳಿಬಿಟ್ಟಿದ್ದೆ. ನನ್ನ ಖರ್ಚಿನಲ್ಲೇ ಮತ್ತೆ ಹಾಸಿಕೊಟ್ಟೆ. ಆ ವರ್ಷದ ಲಾಭವೆಲ್ಲ ಆ ಒಂದು ಅಂಗಳಕ್ಕೆ ಹೋಯಿತು.

ಲೆಕ್ಕ ಹೀಗೆ ಮಾಡಿ. ಬೇಸಿಗೆಯಲ್ಲಿ ಲಾನ್‌ಗೆ ದಿನಕ್ಕೆ 5 ಮಿ.ಮೀ. ನೀರು ಅಂತ ಇಟ್ಟುಕೊಳ್ಳಿ. ಅಂದರೆ ಒಂದು ಚದರ ಮೀಟರಿಗೆ 5 ಲೀಟರ್. 500 ಚದರ ಅಡಿ ಲಾನ್ ಸುಮಾರು 46 ಚದರ ಮೀಟರ್ ಆಗುತ್ತದೆ. ದಿನಕ್ಕೆ 230 ಲೀಟರ್, ತಿಂಗಳಿಗೆ ಹತ್ತಿರ ಹತ್ತಿರ 7,000 ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸುಮಾರು ಒಂದೂವರೆ ಟ್ಯಾಂಕರ್. ಆ ಬಡಾವಣೆಯ ಟ್ಯಾಂಕರ್ ರೇಟ್ ಕೇಳಿ ಗುಣಿಸಿ, ಗಿರಾಕಿಯ ಮುಂದೆ ಇಡಿ. ಅರ್ಧ ಜನ ಅಲ್ಲೇ ಲಾನ್ ಚಿಕ್ಕದು ಮಾಡಿ, ಉಳಿದ ಜಾಗಕ್ಕೆ ಕಣಗಿಲೆ, ಕಾಗದದ ಹೂ, ನೆಲ ಮುಚ್ಚುವ ಗಿಡ ಒಪ್ಪುತ್ತಾರೆ. ಗಾತ್ರ ಕಡಿಮೆಯಾಯಿತು ಅಂತ ಬೇಜಾರಾಗಬೇಡಿ. ಏಪ್ರಿಲ್‌ನಲ್ಲಿ ಹಸಿರಾಗಿ ಉಳಿದ ಸಣ್ಣ ತೋಟವೇ ನಿಮಗೆ ಪಕ್ಕದ ಮನೆಯ ಕೆಲಸ ತಂದುಕೊಡುತ್ತದೆ.

ಮೈಸೂರಿನವರ ಕಣ್ಣಲ್ಲಿ ತೋಟ ಅಂದರೆ ಬೃಂದಾವನ. 1932ರ ಹೊತ್ತಿಗೆ ಸಿದ್ಧವಾದ ಆ ತೋಟ ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ಎಲ್ಲರ ಮನಸ್ಸಿನಲ್ಲಿ ಕೂತಿದೆ. ಸಾಲು ಬೇಲಿ, ಹುಲ್ಲಿನ ಹಾಸು, ಕಾರಂಜಿ. ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಕನಸಿಗೆ ರೂಪ ಕೊಟ್ಟ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರಿಗೆ ಅಣೆಕಟ್ಟಿನ ಕೆಳಗಿನ ಜಾಗ ಸಿಕ್ಕಿತ್ತು, ಕಾವೇರಿ ಪಕ್ಕದಲ್ಲೇ ಇತ್ತು. ಟ್ಯಾಂಕರ್ ನೀರಿನ 40×60 ಸೈಟಿಗೆ ಅದೇ ಚಿತ್ರ ಕೂರುವುದಿಲ್ಲ ಅಂತ ಪ್ರೀತಿಯಿಂದ ವಿವರಿಸಿ. ನನಗೂ ಆ ತೋಟ ಇಷ್ಟ. ಅದಕ್ಕೇ ಅದನ್ನು ತಪ್ಪು ಜಾಗದಲ್ಲಿ ಸಾಯಲು ಬಿಡಬಾರದು ಅನ್ನಿಸುತ್ತದೆ.

ವರ್ಷದ ಲೆಕ್ಕವನ್ನು ಎರಡು ಕ್ಯಾಲೆಂಡರ್ ಇಟ್ಟುಕೊಂಡು ಮಾಡಿ. ಒಂದು ಮಳೆಯದು. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಮೇ ತಿಂಗಳಲ್ಲಿ ಒಂದು ಸುತ್ತು ಚೆನ್ನಾಗಿ ಬರುತ್ತದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣ. ಇನ್ನೊಂದು ಪಂಚಾಂಗ. ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಮನೆಯವರಿಗೆ ಗಿಡ ನೆನಪಾಗುತ್ತದೆ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮಾಘ, ಫಾಲ್ಗುಣ, ವೈಶಾಖದಲ್ಲಿ ಕರೆಯ ಮೇಲೆ ಕರೆ. ಅಂದರೆ ಹೊಸ ತೋಟದ ಆರ್ಡರ್ ಜೋರಾಗಿ ಬರುವುದು ನೀರಿಲ್ಲದ ತಿಂಗಳಲ್ಲಿ, ಗಿಡ ಚೆನ್ನಾಗಿ ಹಿಡಿಯುವ ಆಷಾಢದಲ್ಲಿ ಆರ್ಡರ್ ಇಲ್ಲ. ಈ ಎರಡರ ನಡುವೆ ಸಂಸಾರ ತೂಗಿಸುವುದು ತಿಂಗಳ ನಿರ್ವಹಣೆಯ ದುಡ್ಡು. ಆಷಾಢದಲ್ಲಿ ಹಳೆಯ ಗಿರಾಕಿಗಳ ಗಿಡ ಬದಲಿಸಿ, ಮರ ಸವರಿ, ಮಣ್ಣು ಬದಲಿಸಿ. ದಸರಾಕ್ಕೆ ಮುಂಚೆ ಹೋಟೆಲು, ಶಾಲೆ, ಹೋಂಸ್ಟೇಯವರು ತಾವಾಗೇ ಕರೆಯುತ್ತಾರೆ. ದಸರಾ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಕುಪ್ಪಣ್ಣ ಪಾರ್ಕಿಗೆ ಒಂದು ದಿನ ಅಲ್ಲ, ಮೂರು ದಿನ ಹೋಗಿ. ಜನ ಯಾವ ಗಿಡದ ಮುಂದೆ ನಿಂತು ಹೆಸರು ಕೇಳುತ್ತಾರೆ ಅಂತ ನೋಡಿ ಬರೆದುಕೊಳ್ಳಿ. ಅದಕ್ಕಿಂತ ಒಳ್ಳೆಯ ಸರ್ವೆ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಮನೆ ತೋಟದ ಸ್ಪರ್ಧೆಯೂ ನಡೆಯುತ್ತದೆ. ಅದರಲ್ಲಿ ಭಾಗವಹಿಸುವ ಮನೆಗಳು ತೋಟಕ್ಕೆ ಮನಸ್ಸು ಕೊಟ್ಟ ಮನೆಗಳು.

ರೇಟು ಹೇಗೆ ಕಟ್ಟುವುದು? ಪಕ್ಕದವರು ಎಷ್ಟು ಹೇಳುತ್ತಾರೆ ಅನ್ನುವುದರಿಂದ ಶುರು ಮಾಡಬೇಡಿ, ನಿಮ್ಮ ಒಂದು ದಿನ ಎಷ್ಟಕ್ಕೆ ಬೀಳುತ್ತದೆ ಅನ್ನುವುದರಿಂದ ಶುರು ಮಾಡಿ. ಲೆಕ್ಕ ಅರ್ಥವಾಗಲಿ ಅಂತ ಅಂಕಿ ಹಾಕುತ್ತೇನೆ, ನಿಮ್ಮ ಕಡೆಯ ಕೂಲಿ ಕೇಳಿ ನೀವು ತುಂಬಿಕೊಳ್ಳಿ. ಒಬ್ಬ ಕೆಲಸಗಾರನಿಗೆ 800, ನಿಮ್ಮ ಕೂಲಿ 1,000, ಪೆಟ್ರೋಲ್ 200, ಬ್ರಷ್ ಕಟರ್ (ಹುಲ್ಲು, ಕಳೆ ಕೊಯ್ಯುವ ಮೆಷಿನ್) ಸವಕಳಿ, ಬ್ಲೇಡು 150, ಫೋನು ಇತ್ಯಾದಿ 150. ಒಟ್ಟು 2,300. ಮನೆಗಳು ಒಂದೇ ಬಡಾವಣೆಯಲ್ಲಿದ್ದರೆ ದಿನಕ್ಕೆ ಐದು ಮನೆ ಮುಗಿಯುತ್ತದೆ. ಒಂದು ಮನೆಗೆ 460. ಒಂದು ಮನೆ ಬೋಗಾದಿ, ಇನ್ನೊಂದು ಸಿದ್ಧಾರ್ಥ ಲೇಔಟ್, ಮತ್ತೊಂದು ಹೂಟಗಳ್ಳಿ ಅಂತ ಓಡಾಡಿದರೆ ದಿನಕ್ಕೆ ಮೂರೇ ಮನೆ. ಒಂದಕ್ಕೆ 767. ತಿಂಗಳಿಗೆ ಎರಡು ಸಲ ಅಂದರೆ ಮೊದಲನೆಯದು 920, ಎರಡನೆಯದು 1,530ರ ಮೇಲೆ. ಗಿಡ ಅದೇ, ಕತ್ತರಿ ಅದೇ. ವ್ಯತ್ಯಾಸ ರಸ್ತೆಯಲ್ಲಿ ಹೋಯಿತು. ಇದರ ಮೇಲೆ ನಿಮ್ಮ ಲಾಭ ಇಡಬೇಕು, ಕೂಲಿಯನ್ನೇ ಲಾಭ ಅಂದುಕೊಳ್ಳಬಾರದು.

ಅದಕ್ಕೇ ಮೊದಲ ವರ್ಷ ಅಕ್ಕಪಕ್ಕದ ಎರಡು ಬಡಾವಣೆ ಮಾತ್ರ ಆರಿಸಿ. ಅದರ ಆಚೆಯಿಂದ ಕರೆ ಬಂದರೆ ವಿನಯದಿಂದ ಬೇಡ ಅನ್ನಿ. ಕಷ್ಟ, ಆದರೂ ಅನ್ನಿ. ನನ್ನ ಅಳತೆ ಹೇಳುತ್ತೇನೆ. ಆರು ವಾರದಲ್ಲಿ ಅರವತ್ತು ಮನೆಯವರನ್ನು ಮಾತಾಡಿಸಿ. ಆಮೇಲೆ ಮೂರು ತಿಂಗಳ ನಿರ್ವಹಣೆಗೆ ಮುಂಗಡ ಕೇಳಿ. ಎಂಟು ಮನೆಯವರಾದರೂ ಮುಂಗಡ ಕೊಟ್ಟರೆ ಆ ಬಡಾವಣೆ ನಿಮ್ಮದು. ಮೂರು ನಾಲ್ಕು ಮಾತ್ರ ಬಂದರೆ ಬಡಾವಣೆ ಬದಲಿಸಿ, ಉದ್ಯೋಗ ಬದಲಿಸಬೇಡಿ. ಎರಡು ಕಡೆಯೂ ಹೀಗೇ ಆದರೆ ಒಂದು ವರ್ಷ ಯಾರ ಜೊತೆಗಾದರೂ ಮೈಸೂರಿನಲ್ಲೇ ಕೆಲಸ ಮಾಡಿ ಊರು ತಿಳಿದುಕೊಳ್ಳಿ. ಅದರಲ್ಲಿ ಅವಮಾನ ಏನಿಲ್ಲ.

ನರ್ಸರಿ ಈಗ ಬೇಡ. ಗಿಡಕ್ಕೆ ಹಾಕಿದ ದುಡ್ಡು ನೆರಳುಬಲೆ ಕೆಳಗೆ ತಿಂಗಳುಗಟ್ಟಲೆ ಕೂರುತ್ತದೆ, ದಿನಾ ನೀರು ಕೇಳುತ್ತದೆ, ಒಬ್ಬ ಆಳನ್ನು ಹಿಡಿದಿಡುತ್ತದೆ. ನಮ್ಮ ಕಡೆಗೆ ಗಿಡ ಲಾರಿಗಟ್ಟಲೆ ಆಂಧ್ರದ ಕಡಿಯಂನಿಂದ ಬರುತ್ತದೆ. ಆ ಬೆಲೆಗೆ ನೀವು ಬೆಳೆಸಲು ಆಗುವುದಿಲ್ಲ. ಆದರೆ ಅಪ್ಪನ ಜಮೀನು ಬೇರೆ ರೀತಿಯಲ್ಲಿ ನಿಮ್ಮ ದೊಡ್ಡ ಬಲ. ಗೋದಾವರಿ ಕಡೆಯ ಗಿಡಗಳು ಗಟ್ಟಿ ಜೇಡಿಮಣ್ಣಿನ ಉಂಡೆಯ ಜೊತೆ ಬರುತ್ತವೆ. ಇಳಿಸಿದ ದಿನವೇ ಮೈಸೂರಿನ ಕೆಂಪು ಮಣ್ಣಿಗೆ ನೆಟ್ಟರೆ ಸುತ್ತಲ ಮಣ್ಣು ಒದ್ದೆ, ಉಂಡೆಯ ಒಳಗೆ ಒಣ. ಗಿಡ ಬಾಡುತ್ತದೆ, ಹೆಸರು ನಿಮ್ಮದು ಕೆಡುತ್ತದೆ. ಆರ್ಡರ್ ಬಂದ ಗಿಡಗಳನ್ನು ಮಾತ್ರ ತಂದು, ಮೂರು ವಾರ ಅಪ್ಪನ ಜಮೀನಿನ ನೆರಳಿನಲ್ಲಿಟ್ಟು, ಉಂಡೆ ಸಡಿಲಿಸಿ, ನಮ್ಮ ಮಣ್ಣು ಗೊಬ್ಬರಕ್ಕೆ ಬದಲಿಸಿ ಕೊಡಿ. ಸತ್ತ ಗಿಡ ಬದಲಿಸಿಕೊಡುವ ಖರ್ಚು ಇಳಿಯುತ್ತದೆ. ಒಂದು ಮೂಲೆಯಲ್ಲಿ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಮಾಡಿಕೊಳ್ಳಿ. ಅಪ್ಪನಿಗೂ ಕೈಗೆ ಕೆಲಸ, ಮನಸ್ಸಿಗೆ ಧೈರ್ಯ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಮೂರು ಲಕ್ಷದಲ್ಲಿ ಅರ್ಧ ಮುಟ್ಟಬೇಡಿ, ಅದು ಆರು ತಿಂಗಳ ಮನೆಖರ್ಚು. ಒಂದು ಒಳ್ಳೆಯ ಬ್ರಷ್ ಕಟರ್, ಸವರುವ ಕತ್ತರಿಗಳು, ಪೈಪು, ಗುದ್ದಲಿ, ಹಾರೆ, ಬಾಂಡ್ಲಿ ಸಾಕು. ಲಗೇಜ್ ಆಟೋ ಬಾಡಿಗೆಗೆ ಕರೆಯಿರಿ. ಲಾನ್ ಮೂವರ್ ಹದಿನೈದು ಲಾನ್ ಆದ ಮೇಲೆ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಈಗಲೇ ಮಾಡಿಸಿ. ಅದು ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ನೋಂದಣಿ ಇದ್ದರೆ, ಮುಂದೆ ಕಂಪನಿಗಳ ಕೆಲಸ ಮಾಡಿದಾಗ 45 ದಿನದೊಳಗೆ ಹಣ ಕೊಡಬೇಕು ಅನ್ನುವ, ಸಣ್ಣ ಉದ್ಯಮಗಳ 2006ರ ಕಾಯ್ದೆಯ ಬಲ ನಿಮಗಿರುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಾಲ ಮೊದಲ ಮೂರು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ. ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ. ಬ್ಯಾಂಕಿನವರ ಮುಂದೆ ಎಂಟು ಮನೆಯ ಮುಂಗಡದ ರಸೀದಿ ಇಟ್ಟರೆ ಮಾತಿಗೆ ತೂಕ ಬರುತ್ತದೆ.

ಒಂದು ಎಚ್ಚರಿಕೆ. ಹಳೆಯ ಬಡಾವಣೆಗಳಲ್ಲಿ ಈ ಮರ ಕಡಿದುಬಿಡಿ ಅಂತ ಕೇಳುತ್ತಾರೆ. ಸ್ವಂತ ಕಾಂಪೌಂಡಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅರಣ್ಯ ಇಲಾಖೆಯ ಅನುಮತಿ ಪತ್ರ ಕಣ್ಣಾರೆ ನೋಡದೆ ಗರಗಸ ತೆಗೆಯಬೇಡಿ. ಕೆಲಸ ಏನು, ಎಷ್ಟು ಸಲ ಬರುತ್ತೀರಿ, ನೀರು ಯಾರ ಹೊಣೆ, ಗಿಡ ಸತ್ತರೆ ಯಾವಾಗ ಬದಲಿಸಿಕೊಡುತ್ತೀರಿ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಶುರು ಮಾಡುವ ದಿನ ನಾಲ್ಕು ಮೂಲೆಯಿಂದ ಫೋಟೋ ತೆಗೆದಿಡಿ.

ಈಗ ಮಾರ್ಚ್. ಲಾನ್‌ಗಳು ಬಣ್ಣ ಬಿಡುವ ತಿಂಗಳು, ಎಣಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತು ಸರಿಯಾದ ಸಮಯ. ಹಿರಿಯರು ಅಂಗಳದಲ್ಲಿರುತ್ತಾರೆ, ಕೈಯಲ್ಲಿ ನೀರಿನ ಪೈಪು ಇರುತ್ತದೆ, ಮಾತಾಡಲು ಬಿಡುವೂ ಇರುತ್ತದೆ. ವಿಜಯನಗರ ನಾಲ್ಕನೇ ಹಂತದಿಂದ ಬೋಗಾದಿ ಕಡೆಗೆ ನಡೆಯುತ್ತಾ ಬನ್ನಿ. ಮೊದಲ ಹತ್ತು ದಿನದ ನೋಟ್‌ಬುಕ್ ಪುಟಗಳನ್ನು ಕಳಿಸಿದರೆ ಓದಿ, ಯಾವ ಬೀದಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಬರೆಯುತ್ತೇನೆ.